ಳ ಬಾರದ ರಾಜ

ಸೋಮವಾರ, ಹನ್ನೊಂದನೇ ತಾರೀಕು

ಪ್ರೀತಿಯ ಅಕ್ಕ,

ಸಿಕ್ಕಿಬಿಟ್ಟಿತು ಅಕ್ಕ, ನೂರ ಹದಿನಾಲ್ಕನೇ ಸಂಚಿಕೆ ಸಿಕ್ಕಿಬಿಟ್ಟಿತು! ಮುಖಪುಟ, ಪಿನ್ನು, ನಡುವಿನ ಪೋಸ್ಟರು, ಕೊನೆಯ ಓದುಗರ ಪುಟ, ಎಲ್ಲ ಸಮೇತ! ಚಿಕ್ಕವರಿದ್ದಾಗ ನಾವಿಬ್ಬರೂ ತಿಂಗಳು ತಿಂಗಳು ಕಿತ್ತಾಡಿಕೊಂಡು ಓದುತ್ತಿದ್ದ ಕಾಮಿಕ್ಸ್ ಮಾಸಿಕ ನಿಂತುಹೋಗುವ ಹೊತ್ತಿಗೆ ನೂರ ಎಂಬತ್ತು ಸಂಚಿಕೆ ಬಂದಿತ್ತಲ್ಲ, ಅದರಲ್ಲಿ ನನ್ನ ಬಳಿ ನೂರ ಅರವತ್ತೊಂದು ಇದ್ದವು. ಇದು ನೂರ ಅರವತ್ತೆರಡನೆಯದು. ಉಳಿದ ಹದಿನೆಂಟು ಈ ಜನ್ಮದಲ್ಲಿ ಸಿಗದಿದ್ದರೂ ನನಗೆ ಚಿಂತೆಯಿಲ್ಲ. ಖುಷಿಗೆ ಕುಣಿದು ಕಳೆದ ವಾರ ಒಂದು ಕನ್ನಡಿ ಒಡೆದೆ. ಅಂಗಡಿಯದು, ಗಿರಾಕಿಗಳು ಮುಖ ನೋಡಿಕೊಳ್ಳುವಂಥದು.

ನೀನು ಚೆನ್ನಾಗಿದ್ದೀಯಾ? ಭಾವ, ಪುಟ್ಟ, ಅಮ್ಮ ಎಲ್ಲರೂ ಕ್ಷೇಮವೇ? ಮದುವೆಯಾಗಿ ಎರಡು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ, ತಪ್ಪಾಯಿತು. ನೀನು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಾನು 'ಒಲೆ ಮೇಲೆ ಹಾಲಿದೆ ಕಣೇ' ಎಂದು ಇಟ್ಟುಬಿಟ್ಟೆ. ಹಾಲು ಇರಲಿಲ್ಲ ಅಕ್ಕ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ತಡವರಿಸುತ್ತೇನೆ, ಕೊನೆಗೆ ನಾನೇ ಕ್ಷಮೆ ಕೇಳಿರುತ್ತೇನೆ. ಚಿಕ್ಕಂದಿನಿಂದ ಹಾಗೇ ಆಗಿದೆ. ಅದಕ್ಕೇ ಕಾಗದ. ಅದೂ ಕನ್ನಡದಲ್ಲೇ ಬರೆಯುತ್ತಿದ್ದೇನೆ ನೋಡು! ಇಂಗ್ಲಿಷ್ ಸ್ಕೂಲಿನ ಹುಡುಗಿ! ಒಂದೊಂದು ಳವನ್ನೂ ಎರಡೆರಡು ಸಲ ನೋಡಿ ಬರೆದಿದ್ದೇನೆ.

ಮೊದಲು ನನ್ನ ಸಂಸಾರದ ಸುದ್ದಿ ಕೇಳು. ನಾನು ಎಷ್ಟು ಸುಖವಾಗಿದ್ದೇನೆ ಎಂದರೆ ನನಗೇ ನಾಚಿಕೆಯಾಗುತ್ತದೆ. ಮುಂದೆ ಇವರ ಕನ್ನಡಕದ ಅಂಗಡಿ, ಹಿಂದೆ ನಮ್ಮ ಎರಡು ಕೋಣೆ. ನಡುವೆ ಒಂದು ಪರದೆ. ನಾನು ಒಳಗೆ ತರಕಾರಿ ಹೆಚ್ಚುತ್ತಾ ಕೂತರೆ ಹೊರಗಿನಿಂದ 'ಈಗ ಚೆನ್ನಾಗಿ ಕಾಣುತ್ತಾ? ಈಗ? ಇದಕ್ಕಿಂತ ಅದು ಚೆನ್ನಾಗಿತ್ತಾ?' ಎಂದು ಕೇಳುತ್ತಲೇ ಇರುತ್ತದೆ. ನಾನು ಒಳಗಿನಿಂದಲೇ 'ಚೆನ್ನಾಗಿ ಕಾಣುತ್ತೆ!' ಎಂದು ಕೂಗಿಬಿಡುತ್ತೇನೆ. ಗಿರಾಕಿಗಳು ನಗುತ್ತಾರೆ, ಇವರು ಕೆಂಪಾಗುತ್ತಾರೆ. ಕಣ್ಣು ಪರೀಕ್ಷಿಸುವ ಹೊತ್ತಿನಲ್ಲಿ ಇವರು ಯಾರ ಮುಖವನ್ನೂ ಅವಸರದಲ್ಲಿ ನೋಡುವುದಿಲ್ಲ. ನನ್ನದನ್ನಂತೂ ಇನ್ನೂ ನಿಧಾನ.

ಇವರನ್ನು ನಾನು ಹೇಗೆ ಹಿಡಿದೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಎಪ್ಪತ್ತಮೂರನೇ ಸಂಚಿಕೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಇವರ ಕೈಯಲ್ಲಿ.

'ಬಿಡ್ರೀ, ಪಿನ್ನು ಕಿತ್ಕೊಂಡ್ಬರುತ್ತೆ!' ಎಂದೆ.

'ಪಿನ್ನಿನ ಮೇಲೆ ಅಷ್ಟು ಕನಿಕರ ಇದ್ರೆ ನೀವೇ ಬಿಡಿ.'

ಯಾರೂ ಬಿಡಲಿಲ್ಲ. ಈಗ ಅದು ಇಬ್ಬರದೂ ಆಗಿದೆ. ಆ ಸಂಚಿಕೆಗೋಸ್ಕರವೇ ನಿಮ್ಮನ್ನು ಕಟ್ಟಿಕೊಂಡೆ ಎಂದರೆ ಇವರಿಗೆ ಸಿಟ್ಟು, ಹದಿನೈದು ನಿಮಿಷ ಮಾತಿಲ್ಲ. ಹದಿನಾರನೇ ನಿಮಿಷಕ್ಕೆ ಟೀ ತಂದುಕೊಡುತ್ತಾರೆ.

ನನ್ನ ಸಂಗ್ರಹಕ್ಕೆ ಇಲ್ಲಿ ಎಂಥ ಮನೆ ಸಿಕ್ಕಿದೆ ಗೊತ್ತಾ? ಕನ್ನಡಕದ ಫ್ರೇಮುಗಳನ್ನು ಸಾಲಾಗಿ ಮಲಗಿಸುವ ಚಪ್ಪಟೆ ಡ್ರಾಯರುಗಳು! ಒಂದೊಂದರಲ್ಲಿ ಇಪ್ಪತ್ತು ಸಂಚಿಕೆ ಒಂದರ ಮೇಲೊಂದು ಕೂರುತ್ತವೆ. ತುಕ್ಕು ಹಿಡಿದ ಪಿನ್ನುಗಳನ್ನು ಇವರ ಸಣ್ಣ ಚಿಮುಟದಿಂದ ತೆಗೆದು, ಅದೇ ತೂತಿನಲ್ಲಿ ಬಿಳಿ ದಾರ ಹಾಕಿ ಹೊಲಿಯುತ್ತೇನೆ. ಲೆನ್ಸ್ ಒರೆಸುವ ಬಟ್ಟೆಯಿಂದ ಧೂಳು ಒರೆಸಿ ಪ್ಲಾಸ್ಟಿಕ್ ಕವರಿಗೆ ಹಾಕುತ್ತೇನೆ. ಯಾರೋ ಪದಬಂಧ ತುಂಬಿದ್ದರೆ ಅಳಿಸುವುದಿಲ್ಲ. ಯಾರೋ ಖಳನಾಯಕನಿಗೆ ಮೀಸೆ ಬರೆದಿದ್ದರೆ ಅದನ್ನೂ ಇರಲಿ ಎನ್ನುತ್ತೇನೆ. ಮೇಲಿನ ಶೆಲ್ಫಿನಲ್ಲಿ ಈಚೆಗೆ ಬರುತ್ತಿರುವ ಮರುಮುದ್ರಣದ ಸಂಪುಟಗಳು, ದಪ್ಪ ರಟ್ಟು, ಹೊಳೆಯುವ ಕಾಗದ. ಚೆಂದ ಇವೆ. ಆದರೆ ಮಾತಿನ ಬಲೂನುಗಳಲ್ಲಿದ್ದ ಕೈಬರಹ ತೆಗೆದು ಕಂಪ್ಯೂಟರಿನ ಅಕ್ಷರ ಹಾಕಿದ್ದಾರೆ, ಇಸ್ತ್ರಿ ಮಾಡಿದ ಹಾಗೆ. ಮೊದಲ ಐದು ಸಂಪುಟಗಳಲ್ಲಿ ಓದುಗರ ಪುಟವೇ ಇರಲಿಲ್ಲ. ಆರನೆಯದರಲ್ಲಿ ಇದೆ. ನಿನ್ನ ಮುನ್ನುಡಿಯೂ ಇದೆ.

ಆ ಆರನೇ ಸಂಪುಟವನ್ನೇ, ಬಿಡುಗಡೆಗೆ ಮೊದಲೇ ನಿನಗೆ ಬಂದ ಪ್ರತಿಯನ್ನು, ನೀನು ನನಗೆ ಮದುವೆಯ ಉಡುಗೊರೆಯಾಗಿ ಕೊಟ್ಟೆ. ಒಳಪುಟದಲ್ಲಿ ಬರೆದಿದ್ದೆ: 'ನನ್ನ ಲಲ್ಲಿಗೆ. ಇನ್ನಾದರೂ ಳ ಕಲಿ.' ಆಮೇಲೆ ಇವರ ಮನೆಯವರೆಲ್ಲರ ಎದುರಿಗೆ, 'ನಮ್ಮ ಲಲ್ಲಿಗೆ ಎಷ್ಟು ಬಡ್ಕೊಂಡ್ರೂ ಕನ್ನಡ ಬರ್ಲಿಲ್ಲ, ಅದಕ್ಕೇ ದೇವ್ರು ಕನ್ನಡಕ ಕಳಿಸ್ದ!' ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಫೋಟೋ ನೋಡು, ಎಲ್ಲರಿಗಿಂತ ಜೋರಾಗಿ ನಗುತ್ತಿರುವವಳು ನಾನೇ.

ಮಾರನೆಯ ದಿನ ಮುನ್ನುಡಿ ಓದಿದೆ. 'ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಬರೆದು ಕಳಿಸಿದ ಈ ನಾಲ್ಕು ಚೌಕದ ಚಿತ್ರಕಥೆಯಿಂದಲೇ ಬಕೆಟ್ ರಾಜ ಹುಟ್ಟಿದ. ಅವನಿಗೆ ಳ ಬಾರದಂತೆ ಮಾಡಿದ್ದು ನನ್ನ ಬದುಕಿನ ಮೊದಲ ಜಾಣತನ.' ಇನ್ನೂರ ಹನ್ನೆರಡನೇ ಪುಟದಲ್ಲಿ ಆ ನಾಲ್ಕು ಚೌಕ. ಕೆಳಗೆ ನಿನ್ನ ಹೆಸರು.

ಆ ಜಾಣತನ ಹೇಗಾಯಿತು ಎಂದು ನಿನಗೆ ನೆನಪು ಮಾಡಿಕೊಡುತ್ತೇನೆ. ಬಕೆಟ್ ರಾಜನ ಮೇಲೆ ಒಂಬತ್ತು ಪುಸ್ತಕ ಬರೆದವಳು, ಗಲಾಟೆಯಲ್ಲಿ ಮರೆತಿರುತ್ತೀ.

ನನಗೆ ಹತ್ತು ವರ್ಷ, ನಿನಗೆ ಹದಿನಾಲ್ಕು. ನೀನು ಮನೆ ಪಕ್ಕದ ಕನ್ನಡ ಶಾಲೆ. ನನ್ನ ಹೊತ್ತಿಗೆ ಅಪ್ಪನಿಗೆ ಬಡ್ತಿ ಸಿಕ್ಕಿತ್ತು, ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ನನ್ನ ಟೈ, ನನ್ನ ಬೂಟು ನೋಡಿ ನೀನು ಊಟ ಬಿಟ್ಟಿದ್ದೆಯಂತೆ. ಅದು ಅನ್ಯಾಯವೇ, ಒಪ್ಪುತ್ತೇನೆ. ಆದರೆ ಟೈ ಕಟ್ಟಿದ್ದು ನಾನಲ್ಲ. ಆ ಬೇಸಿಗೆ ರಜೆಯಲ್ಲಿ ಊಟದ ಮೇಜಿನ ಕೆಳಗೆ ಕೂತು, ಗಣಿತದ ಪುಸ್ತಕದ ಹಾಳೆ ಹರಿದು, ನಾನು ರಾಜನನ್ನು ಬರೆದೆ. ಅವನ ಕಿರೀಟ ಕಳುವಾಗುತ್ತದೆ. ಅವನು ಕೂಗುತ್ತಾನೆ. ಅಂಗಡಿಗೆ ಹೋಗಿ ಬಕೆಟ್ ಕೊಂಡು ತಲೆಗೆ ಹಾಕಿಕೊಳ್ಳುತ್ತಾನೆ. ಮಳೆ ಬಂದರೂ ಚಿಂತೆಯಿಲ್ಲ ಎನ್ನುತ್ತಾನೆ. ನನಗೆ ಆಗ ಳ ಬರೆಯಲು ಬರುತ್ತಿರಲಿಲ್ಲ. ಬಾಯಲ್ಲೂ ಬರುತ್ತಿರಲಿಲ್ಲ, ಅದಕ್ಕೇ ತಾನೇ ನೀನು ನನಗೆ ಲಲ್ಲಿ ಎಂದು ಹೆಸರಿಟ್ಟದ್ದು. ಹಾಗಾಗಿ ನನ್ನ ರಾಜ 'ಕಳ್ಳ! ಕಳ್ಳ!' ಎನ್ನುವ ಬದಲು 'ಕಲ್ಲ! ಕಲ್ಲ!' ಎಂದು ಕೂಗಿದ. 'ಮಲೆ ಬಂದರೂ ಚಿಂತೆ ಇಲ್ಲ' ಎಂದ. ಅದು ಜೋಕಲ್ಲ ಅಕ್ಕ, ಜಾಣತನವೂ ಅಲ್ಲ. ತಪ್ಪು. ನನ್ನ ತಪ್ಪು.

ಲಕೋಟೆಯ ಮೇಲೆ ವಿಳಾಸ ಕನ್ನಡದಲ್ಲಿ ಬರೆಯಲು ಬಾರದೆ ನಿನ್ನ ಕೈಗೆ ಕೊಟ್ಟೆ. 'ಹಿಂದೆ ಹೆಸರೂ ಹಾಕ್ಬಿಡು ಅಕ್ಕ' ಎಂದೆ. ನೀನು ಹಾಕಿದೆ, ನಿನ್ನ ಹೆಸರು.

ಸಂಚಿಕೆ ಬಂದಾಗ ಸಂಪಾದಕರು ಬೇರೆ ಷರಾ ಬರೆದಿದ್ದರು: 'ಳ ಬಾರದ ಈ ರಾಜನನ್ನು ಕಂಡು ನಮ್ಮ ಕಚೇರಿಯೆಲ್ಲ ನಕ್ಕಿತು. ತಿಂಗಳ ಬಹುಮಾನ ಇವನಿಗೇ!' ನಾನು 'ಅದು ನಂದು!' ಎಂದು ಕಿರುಚಿದೆ. ಅಪ್ಪ ನಿನ್ನ ಮುಖ ನೋಡಿದರು. ನೀನು ಎಷ್ಟು ತಣ್ಣಗೆ ಹೇಳಿದೆ! 'ಅಪ್ಪ, ಇವಳಿಗೆ ನೆಟ್ಟಗೆ ಕನ್ನಡ ಬರೆಯೋಕೇ ಬರಲ್ಲ. ಕನ್ನಡದಲ್ಲಿ ಜೋಕ್ ಮಾಡ್ತಾಳಾ?' ಅಷ್ಟೇ. ಮುಗಿಯಿತು. ಆಮೇಲೆ ನಾನು ಹಾಸ್ಟೆಲಿಗೆ ಹೋದೆ, ರಜೆಗೆ ಬಂದರೆ ನನ್ನ ಕಾಮಿಕ್ಸ್ ಪೆಟ್ಟಿಗೆ ಖಾಲಿ. 'ಹುಳ ಹಿಡಿದಿತ್ತು, ರದ್ದಿಗೆ ಹಾಕ್ದೆ' ಎಂದೆ ನೀನು. ಯಾವ ಹುಳ ಎಂದು ಈಗ ಅರ್ಥವಾಗುತ್ತಿದೆ.

ಅಂದಿನಿಂದ ಒಂದೊಂದಾಗಿ ಮತ್ತೆ ಕೂಡಿಸಿದೆ. ನೋಡಿದವರೆಲ್ಲ 'ಎಂಥ ಹುಚ್ಚು ಹವ್ಯಾಸ' ಎಂದರು. ಹವ್ಯಾಸ ಎಂದೇ ನಾನೂ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನೂರ ಅರವತ್ತೊಂದು ಸಂಚಿಕೆಗಳು ಈ ಒಂದನ್ನು ಹುಡುಕುವಾಗ ದಾರಿಯಲ್ಲಿ ಸಿಕ್ಕಿದವು.

ಈಗ ಇದು ಸಿಕ್ಕಿದ ಕತೆ ಕೇಳು. ಬಸ್ ನಿಲ್ದಾಣದ ಹಿಂದಿನ ಕ್ಷೌರದಂಗಡಿಯ ಮುದುಕರು ಕಣ್ಣು ತೋರಿಸಲು ಬಂದಿದ್ದರು. 'ಕಿವಿ ಎಲ್ಲಿ ಮುಗಿಯುತ್ತೆ, ಕೂದ್ಲು ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗ್ತಿಲ್ಲ ಸಾರ್. ನಿನ್ನೆ ಒಬ್ರಿಗೆ ರಕ್ತ ಬಂತು' ಎಂದರು. ಇವರು ಲೆನ್ಸ್ ಬದಲಿಸುತ್ತಾ ಕೂತಿರುವಾಗ ನನ್ನ ಡ್ರಾಯರು ತೆರೆದಿತ್ತು. ಮುದುಕರು ಇಣುಕಿ, 'ಅಯ್ಯೋ, ಇವು ನನ್ನತ್ರಾನೂ ಒಂದು ಮೂಟೆ ಇವೆ! ಮಕ್ಳು ತಲೆ ಅಲ್ಲಾಡಿಸದೆ ಕೂರ್ಲಿ ಅಂತ ತರಿಸ್ತಿದ್ದೆ' ಎಂದರು. ನಾನು ಒಗ್ಗರಣೆ ಹಾಕಿದ್ದ ಬಾಣಲೆ ಹಾಗೇ ಬಿಟ್ಟು ಅವರ ಹಿಂದೆಯೇ ಓಡಿದೆ. ಕುರ್ಚಿಯ ಕೆಳಗಿನ ಮೂಟೆ ಬಿಚ್ಚಿದರೆ ಹಾಳೆ ಹಾಳೆಯ ನಡುವೆ ತುಂಡು ಕೂದಲು, ಪೌಡರಿನ ವಾಸನೆ. ಮೇಲಿನಿಂದ ಹನ್ನೊಂದನೆಯದು ನೂರ ಹದಿನಾಲ್ಕು. 'ತಗೊಂಡ್ಹೋಗಮ್ಮ, ಈಗಿನ ಮಕ್ಳ ಕೈಗೆ ಫೋನ್ ಕೊಟ್ರೆ ತಲೆಯೇನು, ರೆಪ್ಪೆನೂ ಅಲ್ಲಾಡಿಸಲ್ಲ' ಎಂದರು ಮುದುಕರು. ಅವರ ಕೈ ಹಿಡಿದು ಕುಲುಕಿಬಿಟ್ಟೆ. ಕೈಯಲ್ಲಿ ಕತ್ತರಿ ಇತ್ತು, ಇಬ್ಬರೂ ಬಚಾವಾದೆವು.

ಮನೆಗೆ ತಂದು, ಓದುಗರ ಪುಟ ತೆಗೆದು, ನಿನ್ನ ಸಂಪುಟದ ಇನ್ನೂರ ಹನ್ನೆರಡನೇ ಪುಟದ ಪಕ್ಕ ಇಟ್ಟೆ. ರಾಜ ಅಲ್ಲೂ 'ಕಲ್ಲ ಕಲ್ಲ' ಎನ್ನುತ್ತಾನೆ, ಇಲ್ಲೂ 'ಕಲ್ಲ ಕಲ್ಲ' ಎನ್ನುತ್ತಾನೆ. ನನಗೆ ಅಳು ಬಂತು. ಇಷ್ಟು ವರ್ಷ ಹುಡುಕಿದ್ದು ಇದಕ್ಕಾ? ಇದರಿಂದ ಏನು ಸಾಬೀತಾಗುತ್ತದೆ? ನೀನು ಬೇಕೆಂದೇ ಬರೆದೆ ಎನ್ನುತ್ತೀ, ನಾನು ಬಾರದೆ ಬರೆದೆ ಎನ್ನುತ್ತೇನೆ. ಅಕ್ಷರ ಎರಡಕ್ಕೂ ಒಂದೇ.

ಇವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ಬಗ್ಗಿದರು. ಹಳೇ ಸಂಚಿಕೆಯ ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ, 'ಇಲ್ಲಿ ಅರಮನೆ ಬಾಗಿಲ ಮೇಲೆ ಏನೋ ಸಣ್ಣದಾಗಿ ಬರ್ದಿದೆ' ಎಂದರು. 'ಒಲಗೆ ಬರಬೇಡಿ. ಮೂರನೇ ಚೌಕದಲ್ಲಿ ಅಂಗಡಿ ಮೇಲೆ, ಹಲೆ ಬಕೆಟ್ ಅಂಗಡಿ.' ಮತ್ತೆ ನಿನ್ನ ಸಂಪುಟದ ಕಡೆ ಬಗ್ಗಿದರು. 'ಇದ್ರಲ್ಲಿ ಎರಡೂ ಸರಿಯಾಗಿದೆ. ಒಳಗೆ. ಹಳೆ.' ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು.

'ರಾಜಂಗೆ ತೊದಲು, ಒಪ್ಕೊಳ್ಳೋಣ. ಬೋರ್ಡಿಗೂ ತೊದಲಾ?'

ಅಕ್ಕ, ಆ ಕ್ಷಣಕ್ಕೆ ನಾನು ಎದ್ದು ಕುಣಿದದ್ದು. ಕನ್ನಡಿ ಒಡೆದದ್ದು ಆಗಲೇ.

ಹೇಳು, ಬಾಗಿಲ ಬೋರ್ಡಿಗೂ ಳ ಬರುವುದಿಲ್ಲವೇ? ಅಂಗಡಿಯ ಬೋರ್ಡು ಬರೆದ ಪೇಂಟರಿಗೂ ಬರುವುದಿಲ್ಲವೇ? ಆ ರಾಜ್ಯದಲ್ಲಿ ಳ ಬಾರದವಳು ಒಬ್ಬಳೇ. ಮೇಜಿನ ಕೆಳಗೆ ಕೂತು ಬರೆಯುತ್ತಿದ್ದಳಲ್ಲ, ಅವಳು. ಕನ್ನಡ ಪ್ರಬಂಧದಲ್ಲಿ ಪ್ರತಿ ವರ್ಷ ಮೊದಲ ಬಹುಮಾನ ಹೊಡೆಯುತ್ತಿದ್ದ ನೀನು 'ಒಲಗೆ' ಎಂದು ಬರೆಯುವುದು ಕನಸಿನಲ್ಲೂ ಸಾಧ್ಯವಿಲ್ಲ.

ಇನ್ನೂ ಒಂದು ಸಂಶಯ ಉಳಿದಿತ್ತು. ಬೋರ್ಡು ತಿದ್ದಿದ್ದು ಪ್ರಕಾಶಕರೇ ಇರಬಹುದು, ಪಾಪ ಅಕ್ಕನಿಗೆ ಗೊತ್ತೇ ಇರಲಿಕ್ಕಿಲ್ಲ ಎಂದು ಒಂದು ದಿನ ಪೂರ್ತಿ ನಿನ್ನ ಪರವಾಗಿ ವಾದ ಮಾಡಿದೆ. ನಾನು ಅಷ್ಟು ಒಳ್ಳೆಯವಳು. ಆಮೇಲೆ ಸಂಪುಟದ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಬಲೂನುಗಳಿಗೆ ಅಕ್ಷರ ತುಂಬುವವರು ಸಿಕ್ಕರು. 'ಇನ್ನೂರ ಹನ್ನೆರಡನೇ ಪುಟದಲ್ಲಿ ಬೋರ್ಡಿನ ಅಕ್ಷರ ಮೂಲದಲ್ಲಿ ಇದ್ದ ಹಾಗಿಲ್ವಲ್ಲ?' ಎಂದೆ. ಬಡಪಾಯಿಗೆ ರೇಗಿಹೋಯಿತು.

'ನಮ್ ತಪ್ಪಲ್ಲಮ್ಮ ಅದು! ಮೇಡಂ ಅವರೇ ಚೀಟಿ ಬರ್ದು ಕಳಿಸಿದ್ರು. ರಾಜನ ಮಾತು ಮುಟ್ಟಬೇಡಿ, ಎರಡು ಬೋರ್ಡು ಮಾತ್ರ ತಿದ್ದಿ ಅಂತ. ಅವರ ಕೈಯಕ್ಷರದಲ್ಲೇ ಇದೆ, ಕೆಂಪು ಪೆನ್ಸಿಲಲ್ಲಿ. ಬೇಕಾದ್ರೆ ತೋರಿಸ್ತೀನಿ.'

'ತೋರಿಸಿ' ಎಂದೆ. ಎರಡೇ ನಿಮಿಷದಲ್ಲಿ ಚೀಟಿಯ ಫೋಟೋ ಬಂತು. ನಿನ್ನ ಅಕ್ಷರ ಎಷ್ಟು ಮುದ್ದಾಗಿದೆ ಅಕ್ಕ, ಇಂದಿಗೂ.

ಅಂದರೆ ನಿನಗೆ ಗೊತ್ತಿತ್ತು. ಬೋರ್ಡು ನಿನ್ನನ್ನು ಹಿಡಿದುಕೊಡುತ್ತದೆ ಎಂದು ನನಗಿಂತ ಮೊದಲೇ ಗೊತ್ತಿತ್ತು. ತಿದ್ದಿಸಿ, ಆ ಪುಸ್ತಕವನ್ನೇ ತಂದು ನನ್ನ ಮದುವೆಯಲ್ಲಿ ನನ್ನ ಕೈಗಿಟ್ಟು ನಗಿಸಿದೆ.

ಅಮ್ಮನಿಗೆ ಫೋನ್ ಮಾಡಿ ಬೋರ್ಡು, ಚೀಟಿ ಎಲ್ಲ ಹೇಳಿದೆ, ಬರೆದವಳು ನಾನು ಎಂದು ಮಾತ್ರ ಬಾಯಿ ಬಿಡಲಿಲ್ಲ. ಅಮ್ಮ, 'ಅಯ್ಯೋ ಬಿಡೇ ಅತ್ಲಾಗೆ! ಹತ್ತು ವರ್ಷದ ಹುಡುಗಿ ಏನೋ ಗೀಚಿದ್ದನ್ನ ಈಗ ಕೆದಕ್ತೀಯಾ? ಅವಳ ಹೆಸ್ರು, ಅವಳ ಕೆಲಸ ಎಲ್ಲಾ ಅದ್ರ ಮೇಲೇ ನಿಂತಿದೆ. ನಿಂಗೀಗ ಏನು ಕಮ್ಮಿಯಾಗಿದೆ?' ಎಂದಳು.

'ಗೀಚಿದ್ದು ಹತ್ತು ವರ್ಷದವಳು ಅಂತ ನಿಂಗೆ ಗೊತ್ತಿತ್ತಾ ಅಮ್ಮ?' ಎಂದೆ. ಹದಿನಾಲ್ಕಲ್ಲವೇ ಮುನ್ನುಡಿಯಲ್ಲಿ ಇರುವುದು?

ಅಮ್ಮ 'ಒಲೆ ಮೇಲೆ ಹಾಲಿದೆ ಕಣೇ' ಎಂದು ಇಟ್ಟುಬಿಟ್ಟಳು. ನನ್ನ ನೆಪ ನನಗೆ ಯಾರಿಂದ ಬಂದದ್ದು ಎಂದು ಆಗ ಗೊತ್ತಾಯಿತು.

ಈಗ ನಿನಗೆ ಸಂತೋಷದ ಸುದ್ದಿ. ಭಾನುವಾರ ಆರನೇ ಸಂಪುಟದ ಬಿಡುಗಡೆಗೆ ನಾವಿಬ್ಬರೂ ಬರುತ್ತಿದ್ದೇವೆ! ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಡು. ಸಭಿಕರ ಪ್ರಶ್ನೆಗೆ ಹತ್ತು ನಿಮಿಷ ಇದೆ ಎಂದು ಆಮಂತ್ರಣದಲ್ಲಿ ಓದಿದೆ. ನನಗೆ ಒಂದೇ ಸಾಕು. ಇವರು ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಲು ತೂಗುಹಾಕುವ ಪಟ ಇದೆಯಲ್ಲ, ಮೇಲೆ ದೊಡ್ಡ ಅಕ್ಷರ, ಕೆಳಗೆ ಬರುತ್ತಾ ಸಣ್ಣ? ಹಾಗೇ ಒಂದು ಪಟ ಮಾಡಿಸಿದ್ದೇವೆ. ಮೊದಲ ಸಾಲು 'ಕಲ್ಲ'. ಎರಡನೆಯದು 'ಮಲೆ'. ಮೂರನೆಯದು 'ಒಲಗೆ ಬರಬೇಡಿ'. ನಾಲ್ಕನೆಯದು 'ಹಲೆ ಬಕೆಟ್ ಅಂಗಡಿ'. ಐದರಲ್ಲಿ ನಿನ್ನ ಕೆಂಪು ಚೀಟಿ, ಇದ್ದ ಹಾಗೇ. ಆರನೆಯದು ತೀರ ಸಣ್ಣದು: 'ಇದನ್ನು ಬರೆದವರು ಯಾರು?' ನಾನು ಎದ್ದು ನಿಂತು ಪಟ ಬಿಚ್ಚುತ್ತೇನೆ. ನೀನು ವೇದಿಕೆಯ ಮೇಲಿನಿಂದ ಮೈಕಿನಲ್ಲಿ ಒಂದೊಂದೇ ಸಾಲು ಓದಬೇಕು. ಆರು ಮೀಟರ್ ದೂರ ಇದ್ದರೆ ಸರಿಯಾದ ಪರೀಕ್ಷೆ ಎನ್ನುತ್ತಾರೆ ಇವರು. ಕೊನೆಯ ಸಾಲು ಕಾಣಿಸುವುದಿಲ್ಲ ಎಂದು ಮಾತ್ರ ಹೇಳಬೇಡ, ಸ್ಥಳದಲ್ಲೇ ಕನ್ನಡಕ ಹಾಕಿಕೊಡುತ್ತಾರೆ.

ಅದಕ್ಕೆ ಮೊದಲೇ ನೀನೇ ಎದ್ದು ಹೇಳಿಬಿಟ್ಟರೆ ಪಟ ಬಿಚ್ಚುವುದಿಲ್ಲ. ಮುಂದಿನ ಮುದ್ರಣದಲ್ಲಿ ಆ ಪುಟದ ಕೆಳಗೆ ನನ್ನ ಹೆಸರು, ಬೋರ್ಡುಗಳು ನನ್ನ ತಪ್ಪಿನ ಸಮೇತ. ಅಷ್ಟು ಸಾಕು, ಒಂಬತ್ತು ಪುಸ್ತಕ ನೀನೇ ಇಟ್ಟುಕೋ. ಆದರೆ ಮನೆಗೆ ಬಂದು ನನ್ನ ಕಿವಿಯಲ್ಲಿ ಕ್ಷಮಿಸು ಎಂದರೆ ಕೇಳಿಸುವುದಿಲ್ಲ. ನೀನು ನನ್ನನ್ನು ಸುಳ್ಳಿ ಮಾಡಿದ್ದು ಮನೆಯವರೆಲ್ಲರ ಎದುರಿಗೆ.

ಭಾವನಿಗೆ ನಮಸ್ಕಾರ. ಪುಟ್ಟನಿಗೆ ಎರಡೂ ಕೆನ್ನೆಗೆ ಮುತ್ತು, ಅವನಿಗೆಂದು ಬಣ್ಣದ ಪೆನ್ಸಿಲ್ ಡಬ್ಬಿ ತರುತ್ತಿದ್ದೇನೆ. ಹೆಸರು ಅವನೇ ಬರೆದುಕೊಳ್ಳಲಿ. ನಿನಗೆ ದೇವರು ಆಯಸ್ಸು, ಆರೋಗ್ಯ, ದೂರದ್ದೂ ಹತ್ತಿರದ್ದೂ ಚೆನ್ನಾಗಿ ಕಾಣುವ ಕಣ್ಣು ಕೊಡಲಿ.

ನಿನ್ನ ತಂಗಿ,
ಲಲ್ಲಿ

ಮರೆತ ಮಾತು: ಮದುವೆಯಾದ ಮೇಲೆ ಅಮ್ಮ ನನ್ನ ಸರ್ಟಿಫಿಕೇಟುಗಳ ಫೈಲು ಕಳಿಸಿದ್ದಳು. ಅಪ್ಪ ಇಟ್ಟ ಫೈಲು, ಅಪ್ಪ ಕಟ್ಟಿದ ಗಂಟು. ಕಟ್ಟಕಡೆಯಲ್ಲಿ ನಾಲ್ಕು ಹಾಳೆ ಇದ್ದವು. ಆ ಸಂಚಿಕೆ ಬಂದ ಮಾರನೆಯ ದಿನದ ತಾರೀಕು. 'ಅಕ್ಕನದನ್ನು ನಂದು ಅಂತೀಯಾ? ನೂರು ಸಲ ಬರಿ' ಎಂದಿದ್ದರಲ್ಲ ಅಪ್ಪ? ನೂರು ಸಲ ಬರೆದಿದ್ದೇನೆ: 'ನಾನು ಸುಲ್ಲು ಹೇಲುವುದಿಲ್ಲ.' ನೀನು ಪಕ್ಕದಲ್ಲಿ ಕೂತು, ಕೆಂಪು ಪೆನ್ಸಿಲ್ ಹಿಡಿದು, ಒಂದೊಂದು ತಪ್ಪು ಲವನ್ನೂ ಹೊಡೆದು ಮೇಲೆ ಳ ಬರೆದಿದ್ದೀ. ಎಪ್ಪತ್ತೊಂದನೇ ಸಾಲಿನಿಂದ ನನ್ನ ಳ ಸರಿಯಾಗಿದೆ, ಅಲ್ಲಿಂದ ಮುಂದೆ ಕೆಂಪು ಇಲ್ಲ. ಕೆಳಗೆ ಅಪ್ಪನ ಸಹಿ. ನಿಜ ಹೇಳಿದ್ದಕ್ಕೆ, ಸುಳ್ಳು ಹೇಳುವುದಿಲ್ಲ ಎಂದು ಬರೆಯುತ್ತಾ ಬರೆಯುತ್ತಾ ನಾನು ಳ ಕಲಿತೆ ಅಕ್ಕ. ಆಮೇಲೆ ಒಂದೇ ಒಂದು ಚಿತ್ರ ಬರೆಯಲಿಲ್ಲ. ಅಪ್ಪ ಹಾಗೇ ನಂಬಿಕೊಂಡು ಹೋದರು, ಅವರಿಗೆ ಯಾವ ಪಟವನ್ನೂ ಓದಿಸಲು ಆಗುವುದಿಲ್ಲ. ಆ ನಾಲ್ಕು ಹಾಳೆಯೂ ನನ್ನ ಜೊತೆ ಬರುತ್ತಿವೆ. ಸ್ಟೇಷನ್ನಿಗೆ ನೀನೇ ಬಾ, ಭಾವನನ್ನು ಕಳಿಸಬೇಡ. ಕೈ ಎಷ್ಟು ತುರಿಸಿದರೂ ಮುಂದಿನ ಸಾಲನ್ನು ತಿದ್ದಬೇಡ.

ಶನಿವಾರ, ಬೆಲಗ್ಗೆ ಏಲು ನಲವತ್ತರ ಪ್ಯಾಸೆಂಜರ್.